ಬಲದ ಗುಳಿಗಿ

ಕಾಂಚನಾಗೆ ಕಾಮಾಲೆ ಆಗಿತ್ತು ಎಂದೇ ರಬಕವಿಯ ಆ ಓಣಿ ನಂಬಿತ್ತು. ಜಮಖಂಡಿಯ ದವಾಖಾನೆಯಿಂದ ಆಕೆಯನ್ನು ಬಾಡಿಗೆ ಗಾಡಿಯಲ್ಲಿ ಕರೆತಂದ ದಿನ, ಬಾಗಿಲಿಗೆ ಬಂದು ನಿಂತ ಹೆಂಗಸರಿಗೆಲ್ಲ ಆಕೆಯ ಅಣ್ಣ ಪರಮಾನಂದ ಮಾಸ್ತರ ಅದನ್ನೇ ಹೇಳಿದ.

"ಕಾಮಾಲಿ ತಲಿಗೇರಿತ್ರಿ. ಇನ್ನೇನ ಅಂಜಿಕಿ ಇಲ್ಲ."

ಸಾಲಿ ಮಾಸ್ತರನ ಮಾತು. ಅಲ್ಲಗಳೆಯುವವರು ಯಾರು? ಹತ್ತಿಯ ಹುಳಕ್ಕೆ ಹೊಡೆಯುವ ವಿಷದ ಎಣ್ಣಿಯನ್ನು ಕಾಂಚನಾ ತಾನಾಗಿ ಕುಡಿದಿದ್ದಳು ಎಂಬುದು ಗಂಡ ದಶರಥನಿಗೆ, ಅಣ್ಣನಿಗೆ, ಅತ್ತಿಗೆ ಸುವರ್ಣಾಗೆ ಬಿಟ್ಟರೆ ದವಾಖಾನೆಯವರಿಗಷ್ಟೇ ಗೊತ್ತಿತ್ತು.

ಯಾಕೆ ಕುಡಿದಳು ಎಂದು ಕೇಳಿದರೆ ಆಕೆಯ ಬಳಿಯೇ ನೆಟ್ಟಗಿನ ಉತ್ತರ ಇರಲಿಲ್ಲ. ಕೊಟ್ಟ ಮನೆ ಕೆಟ್ಟದ್ದಲ್ಲ. ದಶರಥ ಸೌಮ್ಯ ಮನುಷ್ಯ, ಮನೆಯಲ್ಲೇ ಎರಡು ಪಾವರಲೂಮ್ ನಡೆಸುತ್ತಿದ್ದ, ಏರುದನಿಯಲ್ಲಿ ಮಾತಾಡಿದವನಲ್ಲ. ಐದನೆಯ ಇಯತ್ತೆ ಓದುವ ಮಗಳು ಅಂಜನಾ ಜಾಣೆ. ಆದರೆ ಹಿಂದಿನ ವರ್ಷದ ಮಳೆಗಾಲದ ಹೊತ್ತಿಗೆ ಕಾಂಚನಾಳ ನಿದ್ದೆ ಹೋಯಿತು. ಆಮೇಲೆ ನಾಲಿಗೆಯ ರುಚಿ ಹೋಯಿತು. ಮಗ್ಗದ ಲಾಳಿಗೆ ಹಾಕುವ ಕಂಡಿಕಿಗೆ ನೂಲು ಸುತ್ತುತ್ತ ಕುಳಿತರೆ ರಾಟಿ ತಿರುಗುತ್ತಲೇ ಇರುತ್ತಿತ್ತು, ನೂಲು ಮುಗಿದದ್ದು ಆಕೆಗೆ ತಿಳಿಯುತ್ತಿರಲಿಲ್ಲ. ಎದೆಯ ಮೇಲೆ ಯಾರೋ ನೆಂದ ಗೋಣಿಚೀಲ ಹೇರಿಟ್ಟಂತೆ. ದೃಷ್ಟಿ ತೆಗೆಸಿದರು, ದಾರ ಕಟ್ಟಿಸಿದರು, ಸಾವಳಗಿಯ ಕಡೆಯ ಒಬ್ಬ ದೇವರ ಹೇಳುವವನ ಹತ್ತಿರವೂ ಹೋಗಿ ಬಂದರು. ತಾನಿಲ್ಲದಿದ್ದರೆ ಈ ಮನೆಯವರು ಹಗುರಾಗುತ್ತಾರೆ ಎಂಬ ವಿಚಾರ ಯಾವಾಗ ತಲೆಯೊಳಗೆ ಬಂದು ಕುಳಿತಿತೋ ಆಕೆಗೂ ನೆನಪಿಲ್ಲ. ಬಂದದ್ದು ಹೋಗಲಿಲ್ಲ, ಅಷ್ಟೆ.

ಆಕೆಯನ್ನು ಉಳಿಸಿದವನು ಅಣ್ಣನೇ. ಅದನ್ನು ಮರೆತು ಈ ಕತೆ ಹೇಳಿದರೆ ತಪ್ಪಾಗುತ್ತದೆ. ದಶರಥ ಕೈಕಾಲು ಬಿದ್ದವನಂತೆ ಗೋಡೆಗೆ ಆತು ನಿಂತಿದ್ದಾಗ, ನಾಲ್ಕು ಮನೆ ಆಚೆಗಿದ್ದ ಪರಮಾನಂದ ಓಡಿ ಬಂದು ತಂಗಿಯನ್ನು ಎತ್ತಿಕೊಂಡು ಟೆಂಪೊ ಹತ್ತಿಸಿದ್ದ. ದಾರಿಯುದ್ದಕ್ಕೂ "ಕಾಂಚವ್ವಾ, ಕಣ್ಣ ತೆರಿ, ನನ್ನ ಕಡೆ ನೋಡು" ಎನ್ನುತ್ತ ಕೆನ್ನೆ ತಟ್ಟುತ್ತಿದ್ದ. ಗಂಟಲೊಳಗೆ ನಳಿಗೆ ಹಾಕಿ, ಯಂತ್ರ ಹಚ್ಚಿ ಉಸಿರಾಡಿಸುತ್ತಿದ್ದ ಅಷ್ಟೂ ದಿನ ಸಾಲಿಗೆ ರಜೆ ಹಾಕಿ ದವಾಖಾನೆಯ ಪಡಸಾಲೆಯಲ್ಲಿ ಕುಳಿತಿದ್ದ. ತಂದೆ ತೀರಿದಾಗ ಕಾಂಚನಾ ಇನ್ನೂ ನೆಟ್ಟಗೆ ಮಾತು ಕಲಿತಿರಲಿಲ್ಲ. ಅವಳಿಗೆ ಅಕ್ಷರ ತಿದ್ದಿಸಿದವನು, ಗಂಡು ನೋಡಿದವನು, ಧಾರೆ ಎರೆದವನು ಎಲ್ಲ ಇವನೇ. ಅಣ್ಣ ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಹಾಗೆಯೇ ಬೆಳೆದವಳು ಆಕೆ.

ದವಾಖಾನೆಯಿಂದ ಬಿಡುವ ದಿನ ಡಾಕ್ಟರಬಾಯಿ ಬಾಗಿಲ ಹೊರಗೆ ನಿಂತು ಪರಮಾನಂದನೊಂದಿಗೆ ಬಹಳ ಹೊತ್ತು ಮಾತಾಡಿದ್ದರು. ಕಾಂಚನಾ ಮಂಚದ ಮೇಲಿಂದ ಅವರ ಕೈ ಅಲ್ಲಾಡುವುದನ್ನು ನೋಡಿದಳೇ ಹೊರತು ಮಾತು ಕೇಳಿಸಲಿಲ್ಲ. ಅಣ್ಣ ಒಳಗೆ ಬಂದು ಅರಿವೆ ಗಂಟು ಕಟ್ಟತೊಡಗಿದ.

"ಮತ್ತ ಬರಬೇಕಂತೇನ?" ಎಂದು ಕೇಳಿದಳು.

"ಏನ ಬ್ಯಾಡ. ಎಲ್ಲಾ ನೆಟ್ಟಗಾಗೈತಿ ಅಂದ್ರು. ಒಂದ ಗುಳಿಗಿ ಕೊಟ್ಟಾರ, ದಿನಾ ಊಟಾದ ಮ್ಯಾಲೆ ತಗೋಬೇಕು. ಮುಗಿದಂಗ ನಾ ತಂದ ಕೊಡ್ತೇನಿ. ನೀ ಅದರ ಚಿಂತಿ ಬಿಡು."

ಮನೆಯಲ್ಲಿ ಎಣ್ಣಿಯ ವಾಸನೆಯೂ ಉಳಿಯದಂತೆ ಮಾಡಿದವನೂ ಅವನೇ. ದಶರಥ ಗುತ್ತಿಗೆಗೆ ಹಿಡಿದಿದ್ದ ಹತ್ತಿಯ ಹೊಲವನ್ನು ಬಿಡಿಸಿದ, ಅಟ್ಟದ ಮೇಲಿನ ಡಬ್ಬಿಗಳನ್ನೆಲ್ಲ ಸಾಗಿಸಿದ. ಇಂಥ ಅಣ್ಣನನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ದಶರಥ ಹೇಳುತ್ತಿದ್ದ. ಕಾಂಚನಾ ಗುಳಿಗಿಯನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿ ನುಂಗುತ್ತಿದ್ದಳು.

ಮೊದಲ ಕೆಲವು ವಾರ ಚೆನ್ನಾಗಿಯೇ ಕಳೆದವು. ಬದುಕಿ ಬಂದವರ ಸುತ್ತ ಎಲ್ಲರೂ ಮೆತ್ತಗೆ ನಡೆಯುತ್ತಾರೆ. ಆ ಮೆತ್ತನೆಯೇ ಒಂದು ಔಷಧ. ಆಮೇಲೆ ಮೀನಖಂಡದಲ್ಲಿ ಇರುವೆ ಹರಿದಂತಾಗತೊಡಗಿತು. ಒಂದು ಮುಂಜಾನೆ ಬಚ್ಚಲಿಂದ ಬರುವಾಗ ಎಡಗಾಲಿನ ಚಪ್ಪಲಿ ಜಾರಿ ಹಿಂದೆ ಉಳಿದದ್ದು ಆಕೆಗೆ ಗೊತ್ತೇ ಆಗಲಿಲ್ಲ. ಅಂಜನಾ ನೋಡಿ "ಅವ್ವಾ, ಚಪ್ಪಲಿ" ಎಂದಾಗ ಕೆಳಗೆ ನೋಡಿದಳು. ಕೆಲವೇ ದಿನಗಳಲ್ಲಿ ಎರಡೂ ಪಾದ ಜೋತುಬಿದ್ದವು. ಹೆಜ್ಜೆ ಇಡಬೇಕೆಂದರೆ ಕೆಸರಲ್ಲಿ ನಡೆಯುವವರಂತೆ ಮೊಣಕಾಲನ್ನು ಎತ್ತರಕ್ಕೆ ಎತ್ತಬೇಕು. ಬೆರಳುಗಳಲ್ಲಿ ಹಿಡಿತವಿಲ್ಲ. ಕಡಿದ ಎಳೆಗೆ ಗಂಟು ಹಾಕುವುದು, ಹುಟ್ಟಿದಾಗಿನಿಂದ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸ, ಅದೂ ಆಗದಾಯಿತು.

"ಜಮಖಂಡಿಗೆ ಹೋಗಿ ತೋರಿಸ್ಕೊಂಡ ಬರೂಣು" ಎಂದ ದಶರಥ. ಆದರೂ ತಾನು ಮಾವ ಎಂದು ಕರೆಯುವ ಪರಮಾನಂದನನ್ನು ಒಂದು ಮಾತು ಕೇಳದೆ ಹೋಗುವುದು ಹೇಗೆಂದು ಅವನನ್ನು ಕೇಳಿದ.

"ಅಶಕ್ತತನ ಅದು ದಶರಥಾ" ಎಂದ ಪರಮಾನಂದ. "ಇರ್ತೈತಿ ಅಂತ ಡಾಕ್ಟರ ಮೊದಲ ಹೇಳ್ಯಾರ. ಸಾವಿನ ಬಾಯಾಗಿಂದ ಬಂದಾಕಿ, ಒಂದ ತಿಂಗಳದಾಗ ಓಡ್ಯಾಡು ಅಂದ್ರ ಹ್ಯಾಂಗ? ಶೇಂಗಾ ಎಣ್ಣಿ ಹಚ್ಚಿ ತಿಕ್ಕು."

ತಿಕ್ಕಿದರು. ದಶರಥ ಮಗ್ಗ ನಿಲ್ಲಿಸಿ ಹೆಂಡತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದ. ಕಾಲಿನ ಜೊತೆಗೇ ಆ ಗೋಣಿಚೀಲವೂ ಮರಳಿ ಬಂತು. ಮೊದಲಿಗಿಂತ ಭಾರವಾಗಿ ಬಂತು, ಯಾಕೆಂದರೆ ಈ ಸಲ ಔಷಧ ತೆಗೆದುಕೊಳ್ಳುತ್ತಿದ್ದಾಗಲೇ ಬಂದಿತ್ತು. ದೊಡ್ಡ ಡಾಕ್ಟರು ಕೊಟ್ಟ ಗುಳಿಗಿ, ಒಂದು ದಿನವೂ ತಪ್ಪಿಸಿಲ್ಲ, ಆದರೂ ನಿದ್ದೆ ಇಲ್ಲ, ಹಸಿವಿಲ್ಲ. ಹಾಗಾದರೆ ಔಷಧಕ್ಕೂ ಬಗ್ಗದ ಕೆಡಕು ತನ್ನೊಳಗೇ ಇದೆ. ಉಳಿದವರಿಗೆ ವಾಸಿಯಾಗುತ್ತದೆ, ತನಗೆ ಆಗುವುದಿಲ್ಲ. ಹೀಗೆಂದು ಆಕೆ ತನ್ನ ಮನಸ್ಸಿಗೆ ತಾನೇ ತೀರ್ಪು ಕೊಟ್ಟುಕೊಂಡಳು.

ಆ ಹಳೆಯ ವಿಚಾರ ಮತ್ತೆ ತಲೆ ಎತ್ತಿದಾಗ ಮಾತ್ರ ಕಾಂಚನಾ ಹೆದರಿದಳು. ದಶರಥನಿಗೆ ಹೇಳಿದರೆ ಅವನು ಕುಸಿಯುತ್ತಾನೆ. ಒಂದು ಮಧ್ಯಾಹ್ನ ಅವನು ಮಗ್ಗ ನಿಲ್ಲಿಸಿ ಊಟಕ್ಕೆ ಬರುವ ಮೊದಲೇ ಮೊಬೈಲ್ ತೆಗೆದುಕೊಂಡು ಅಣ್ಣನಿಗೆ ಫೋನ್ ಹಚ್ಚಿದಳು.

"ಅಣ್ಣಾ, ಅದ ವಿಚಾರ ಮತ್ತ ಬರಾಕತ್ತೈತಿ."

ಆ ಕಡೆಯಿಂದ ಸಾಲಿ ಹುಡುಗರ ಗದ್ದಲ ಕೇಳುತ್ತಿತ್ತು. ಪರಮಾನಂದ ಆಚೆ ಸರಿದು ಬಂದಿರಬೇಕು, ಗದ್ದಲ ಕಡಿಮೆಯಾಯಿತು.

"ಗುಳಿಗಿ ತಗೊಳ್ಳಾಕತ್ತೀಯಿಲ್ಲ?"

"ತಗೊಳ್ಳಾಕತ್ತೇನಿ. ಏನೂ ಆಗವಲ್ದು."

"ಬಿಡದಂಗ ತಗೋ. ದೇವರ ಹೆಸರ ಹೇಳು. ಮಗಳ ಮುಖಾ ನೋಡು. ಮತ್ತ ನೋಡವ್ವಾ, ಈ ಮಾತ ಯಾರ ಮುಂದೂ ಆಡಬ್ಯಾಡ. ದಶರಥನ ಮುಂದೂ ಬ್ಯಾಡ. ಸಂಜಿಗೆ ಬರ್ತೇನಿ."

ಸಂಜೆಗೆ ಬಂದ. ಬಾಳೆಹಣ್ಣು ತಂದಿದ್ದ. ಅಂಜನಾಳ ಗಣಿತ ನೋಡಿದ. ತಂಗಿಯ ಜೊತೆ ಆ ಮಾತು ಮಾತ್ರ ಎತ್ತಲಿಲ್ಲ. ಮರುದಿನ ಮುಂಜಾನೆಯಿಂದ ಪ್ರತಿದಿನ ಒಂದು ಸಲ ಬಂದು ಮುಖ ನೋಡಿ ಹೋಗತೊಡಗಿದ.

ಆ ದಿನಗಳನ್ನು ಆಕೆ ಹೇಗೆ ದಾಟಿದಳೋ. ಅಂಜನಾ ಸಾಲಿಯಿಂದ ಬಂದು ಮಗ್ಗುಲಲ್ಲಿ ಕೂತು ಓದುತ್ತಿದ್ದ ಹೊತ್ತು ಒಂದಿತ್ತು. ಆ ಹೊತ್ತಿನಿಂದ ಮರುದಿನದ ಆ ಹೊತ್ತಿನವರೆಗೆ ಹೇಗೋ ಹಿಡಿದುಕೊಂಡಿದ್ದಳು.

ತಾರವ್ವ ಬಂದದ್ದು ಯುಗಾದಿಗೆ ಮೊದಲು. ಬೀಳಗಿ ಕಡೆಯ ಅನಗವಾಡಿಯಾಕೆ. ಜಮಖಂಡಿಯ ದವಾಖಾನೆಯಲ್ಲಿ ಕಾಂಚನಾಳ ಮಗ್ಗುಲ ಮಂಚದಲ್ಲಿ ಆಕೆಯ ಮಗ ನವೀನ ಇದ್ದ. ಅವನೂ ಎಣ್ಣಿ ಕುಡಿದು ಬಂದವನೇ. ಇಬ್ಬರೂ ಯಂತ್ರದ ಮೇಲಿದ್ದಾಗ ಹೊರಗೆ ಕೂತು ತಾರವ್ವ ದಶರಥನಿಗೆ ರೊಟ್ಟಿ ಹಂಚಿದ್ದಳು. ಈಗ ಸೊಸೆಯ ಸೀಮಂತಕ್ಕೆ ಸೀರೆ ಕೊಳ್ಳಲು ರಬಕವಿಗೆ ಬಂದವಳು, ನೇಕಾರ ದಶರಥನ ಮನೆ ಯಾವುದೆಂದು ಕೇಳುತ್ತ ಬಾಗಿಲಿಗೆ ಬಂದು ನಿಂತಳು. ಒಳಗೆ ಗೋಡೆ ಹಿಡಿದು ಬರುತ್ತಿದ್ದ ಕಾಂಚನಾಳನ್ನು ಕಂಡು ಆಕೆಯ ಮುಖ ಬದಲಾಯಿತು.

"ಅಯ್ಯ ತಂಗಿ, ನೀ ಇಲ್ಲೇ ಅದೀಯೇನ? ಪುಣೆದಾಗ ಅದಾಳ ಅಂತ ಹೇಳಿದ್ರಲ್ಲ."

"ಪುಣೇನಾ? ಯಾರ ಹೇಳಿದ್ರು ಅಕ್ಕಾ?"

"ನಿಮ್ಮಣ್ಣ ಮಾಸ್ತರ. ನಮ್ಮ ನವೀನನ್ನ ಮೊದಲನೇ ಸಲ ತೋರಿಸಾಕ ಕರಕೊಂಡ ಹೋದಾಗ ಅಲ್ಲೇ ಬಂದಿದ್ರು. ನಿನ್ನ ಪುಣೆದ ದೊಡ್ಡ ದವಾಖಾನಿಗೆ ಸೇರಿಸೇವಿ, ಮುಂದಿಂದೆಲ್ಲಾ ಅಲ್ಲೇ ಅಂತ ಡಾಕ್ಟರಬಾಯಾರ ಮುಂದ ಹೇಳಿದ್ರು. ನಾ ಬಾಜೂಕ ಕುಂತಿದ್ನೆಲ್ಲ."

ದಶರಥ ಮಗ್ಗ ನಿಲ್ಲಿಸಿದ. ಮಗ್ಗ ನಿಂತ ಮನೆಯಲ್ಲಿ ಮಾತು ದೊಡ್ಡದಾಗಿ ಕೇಳುತ್ತದೆ.

"ತೋರಿಸಾಕ ಅಂದ್ರ?" ಎಂದು ಕೇಳಿದ ಅವನು. "ಬಿಟ್ಟ ಮ್ಯಾಲೆ ಹೋಗೂದ ಏನಿತ್ತು?"

ತಾರವ್ವ ಇಬ್ಬರ ಮುಖವನ್ನೂ ನೋಡಿದಳು. ಏನೋ ಸರಿಯಿಲ್ಲ ಎಂದು ಆಕೆಗೆ ಹೊಳೆದಿತ್ತು. ಆದರೂ ಹೇಳಿದಳು. ಎಣ್ಣಿಯ ವಿಷ ರಕ್ತದಿಂದ ಹೋದರೂ ಕೆಲವರಿಗೆ ಕಾಲಿನ ನರ ತಡವಾಗಿ ಸೋಲುತ್ತವಂತೆ, ಅದಕ್ಕೆ ಹದಿನೈದು ದಿನಕ್ಕೊಮ್ಮೆ ಕರೆತರಬೇಕೆಂದು ಎಲ್ಲರಿಗೂ ಹೇಳಿದ್ದರು. ಗುರುವಾರ ಬರುವ ಮನಸ್ಸಿನ ಡಾಕ್ಟರ ಹತ್ತಿರ ಕೂತು ಮಾತಾಡಬೇಕು, ಅವರ ಗುಳಿಗಿ ಬಹಳ ತಿಂಗಳು ತಗೋಬೇಕು. ನವೀನ ಮೊದಲು ಬರುವುದಿಲ್ಲವೆಂದು ಹಟ ಹಿಡಿದಿದ್ದ, ಈಗ ತಾನೇ ನೆನಪಿಸುತ್ತಾನೆ.

"ಅಲ್ಲಿಯ ಗುಳಿಗಿ ತಗೊಂಡ್ರ ಬಾಯಿ ಒಣಗ್ತೈತಿ ಅಂತಿದ್ದ, ನಿನಗೂ ಹಂಗ ಆಗ್ತೈತೇನ?"

ಕಾಂಚನಾ ಗೋಡೆಯ ಮಾಡದೊಳಗಿದ್ದ ಗುಳಿಗಿಯ ಪಟ್ಟಿ ತಂದು ತೋರಿಸಿದಳು. ತಾರವ್ವ ಅದನ್ನು ತಿರುಗಿಸಿ ನೋಡಿದಳು.

"ಇದ ನಾ ನಮ್ಮ ಸೊಸಿಗೆ ತಂದ ಕೊಡ್ತೇನಲ್ಲ. ಬಸರಿ ಹೆಂಗಸರಿಗೆ ಕೊಡೂ ಬಲದ ಗುಳಿಗಿ ಇದು."

ತಾರವ್ವ ಹೋದಳು. ಮಾವಾರು ಹಾಗೆ ಮಾಡುವವರಲ್ಲ, ಅಂಗಡಿಯವ ತಪ್ಪು ಗುಳಿಗಿ ಕೊಟ್ಟಿರಬೇಕು ಎಂದ ದಶರಥ. ಕಾಂಚನಾಳೂ ಅದನ್ನೇ ನಂಬಲು ನೋಡಿದಳು. ಆದರೆ ಪುಣೆಯ ಮಾತು ಅಂಗಡಿಯವ ಹೇಳಿದ್ದಲ್ಲವಲ್ಲ.

ಗುರುವಾರ ಇಬ್ಬರೂ ಪರಮಾನಂದನಿಗೆ ತಿಳಿಸದೆ ಜಮಖಂಡಿ ಬಸ್ಸು ಹತ್ತಿದರು. ಮೆಟ್ಟಿಲು ಏರುವಾಗ ಪಾದ ಸಿಕ್ಕಿಕೊಂಡು ಆಕೆ ಮುಗ್ಗರಿಸಿದಳು. ಕಂಡಕ್ಟರ ರಟ್ಟೆ ಹಿಡಿದು ಮೇಲೆಳೆದ. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತ ಸಾಗಿತು. ದಾರಿಯುದ್ದಕ್ಕೂ ಆಕೆ, ಡಾಕ್ಟರಬಾಯಿ ನಗುತ್ತಾರೆ, ತಾರವ್ವ ತಪ್ಪು ತಿಳಿದಿದ್ದಾಳೆ ಎನ್ನುತ್ತಾರೆ, ನಿಮ್ಮಣ್ಣ ಹೇಳಿದ್ದೇ ಸರಿ ಎನ್ನುತ್ತಾರೆ ಎಂದುಕೊಳ್ಳುತ್ತಿದ್ದಳು. ಹಾಗೆ ಆಗಲಿ ಎಂದು ಬನಹಟ್ಟಿಯ ದೇವರಿಗೆ ಹರಕೆಯನ್ನೂ ಹೊತ್ತಳು.

ಡಾಕ್ಟರಬಾಯಿ ನಗಲಿಲ್ಲ. ಆಕೆಯನ್ನು ಕಂಡೊಡನೆ ಗುರುತು ಹಿಡಿದರು. ಮಂಚದ ಮೇಲೆ ಕೂರಿಸಿ ಪಾದ ಎತ್ತಿಸಿದರು. ಎತ್ತಲಾಗಲಿಲ್ಲ. ಸೂಜಿಯಿಂದ ಮೆಲ್ಲಗೆ ಮುಟ್ಟಿ ಕೇಳಿದರು. ತಮ್ಮ ಬೆರಳು ಹಿಡಿಯಲು ಹೇಳಿದರು.

"ಪುಣೆದಾಗ ಇದಕ್ಕೇನ ಮಾಡಿದ್ರು?"

"ನಾ ಪುಣೆಗೆ ಹೋಗೇ ಇಲ್ರಿ. ಮತ್ತ ಬರೂದ ಬ್ಯಾಡ ಅಂತ ನೀವ ಹೇಳಿದ್ರಂತ..."

ಅವರು ಆಕೆ ತಂದಿದ್ದ ಗುಳಿಗಿಯ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಹಿಂದಿನ ಬರಹ ಓದಿದರು.

"ಇದು ನಾವು ಬರೆದದ್ದಲ್ಲ. ಇದು ಬರೇ ವಿಟಮಿನ್. ಹದಿನೈದು ದಿನಕ್ಕ ಕರಕೊಂಡ ಬರ್ರಿ, ಒಬ್ಬಾಕಿನ್ನ ಬಿಡಬ್ಯಾಡ್ರಿ, ಆ ವಿಚಾರ ಮತ್ತ ಬಂತು ಅಂದ್ರ ಅದ ದಿನಾ ಕರಕೊಂಡ ಬರ್ರಿ ಅಂತ ನಿಮ್ಮಣ್ಣಗ ಬಿಡಿಸಿ ಬಿಡಿಸಿ ಹೇಳಿದ್ದೆ."

ಆ ವಿಚಾರ ಮತ್ತೆ ಬಂದರೆ ಅದೇ ದಿನ. ಕಾಂಚನಾಳ ಕಿವಿಯಲ್ಲಿ ಸಾಲಿ ಹುಡುಗರ ಗದ್ದಲ ಕೇಳಿದಂತಾಯಿತು. ಫೋನ್ ಹಿಡಿದು ಆಚೆ ಸರಿದ ಅಣ್ಣನಿಗೆ ಆಗ ಎಲ್ಲ ಗೊತ್ತಿತ್ತು. ಏನು ಮಾಡಬೇಕು ಎಂಬುದೂ ಗೊತ್ತಿತ್ತು, ತಂಗಿ ನುಂಗುತ್ತಿರುವುದು ಏನು ಎಂಬುದೂ ಗೊತ್ತಿತ್ತು.

ಮನಸ್ಸಿನ ಡಾಕ್ಟರು ಇನ್ನೂ ಹರೆಯದವರು. ಮೇಜು ಬಿಟ್ಟು ಎದುರಿನ ಕುರ್ಚಿಯಲ್ಲಿ ಬಂದು ಕೂತರು. "ಈಗೂ ಸಾಯಬೇಕು ಅನಸ್ತೈತೇನ್ರಿ?" ಎಂದು ನೇರವಾಗಿ ಕೇಳಿದರು. ಊಟ ಆಯಿತೇ ಎಂದು ಕೇಳುವ ದನಿಯಲ್ಲಿ ಕೇಳಿದರು. ಕಾಂಚನಾ ಹೌದೆಂದಳು. ದಶರಥ ಮಗ್ಗುಲಲ್ಲೇ ಇದ್ದ. ಅವನು ಕುಸಿಯಲಿಲ್ಲ. ಅವಳ ಸೆರಗಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ, ಅಷ್ಟೆ. ಕೇಳಬಾರದ್ದನ್ನು ಕೇಳಿಸಿಕೊಂಡೂ ಮನುಷ್ಯರು ಕುರ್ಚಿಯ ಮೇಲೆ ಕೂತೇ ಇರುತ್ತಾರೆ ಎಂಬುದನ್ನು ಆಕೆ ಅಂದು ಮೊದಲ ಸಲ ಕಂಡಳು.

"ಔಷಧ ನಿಮಗ ನಾಟಲಿಲ್ಲ ಅಂತ ತಿಳಕೊಂಡೀರಿ" ಎಂದರು ಡಾಕ್ಟರು. "ನೀವಿನ್ನೂ ಔಷಧ ತಗೊಂಡೇ ಇಲ್ಲ. ಇವತ್ತಿಂದ ಸುರು ಮಾಡೂಣು."

ಅಲ್ಲಿಯವರೆಗೆ ಕಲ್ಲಿನಂತೆ ಕೂತವಳು ಈ ಮಾತಿಗೆ ಅತ್ತಳು.

ಕಾಲಿನ ವಿಷಯದಲ್ಲಿ ಡಾಕ್ಟರಬಾಯಿ ಸುಳ್ಳು ಧೈರ್ಯ ಹೇಳಲಿಲ್ಲ. ನರಗಳು ನಿಧಾನಕ್ಕೆ ಚೇತರಿಸುತ್ತವೆ, ವ್ಯಾಯಾಮ ಬಿಡಬಾರದು. ಪೂರ್ತಿ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು. ನರ ಸೋಲುವುದನ್ನು ತಡೆಯುವ ಔಷಧ ಇರಲಿಲ್ಲ, ಆದರೆ ಮೊದಲೇ ಬಂದಿದ್ದರೆ ಪಾದ ಹೀಗೆ ಜೋತು ಬಿಗಿಯಲು ಬಿಡುತ್ತಿರಲಿಲ್ಲ ಎಂದರು. ಪಾದವನ್ನು ಎತ್ತಿ ಹಿಡಿಯಲು ಕಾಲಿಗೆ ಕಟ್ಟುವ ಪಟ್ಟಿ ಕೊಟ್ಟರು.

ಪಟ್ಟಿ ಕಟ್ಟಿಕೊಂಡು ಓಣಿಯಲ್ಲಿ ಇಳಿದವಳನ್ನು ಯಾರು ನೋಡದೆ ಇರುತ್ತಾರೆ? ಮರುದಿನ ಸಾಲಿ ಬಿಟ್ಟೊಡನೆ ಪರಮಾನಂದ ಬಂದ. ಪಟ್ಟಿಯನ್ನು ನೋಡಿದ. ಹೊಸ ಗುಳಿಗಿಗಳನ್ನು ನೋಡಿದ. ಯಾವಾಗಲೂ ಕೂರುವ ಕಟ್ಟೆಯ ಮೇಲೆ ಕೂರಲಿಲ್ಲ.

"ಜಮಖಂಡಿಗೆ ಹೋಗಿದ್ರೇನ" ಎಂದ.

"ಹೋಗಿದ್ವಿ" ಎಂದಳು ಕಾಂಚನಾ. "ನಾ ಪುಣೆಯಿಂದ ಯಾವಾಗ ಬಂದ್ನಿ ಅಂತ ಕೇಳಿದ್ರು."

ಅವನು ಚಸ್ಮ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದ. ಆಮೇಲೆ ಹೇಳಿದ. ಮುಧೋಳದವರು ಅವನ ಹಿರಿಯ ಮಗಳನ್ನು ನೋಡಿ ಹೋಗಿದ್ದರು. ದೊಡ್ಡ ಮನೆತನ, ಹುಡುಗ ಬ್ಯಾಂಕಿನಲ್ಲಿದ್ದಾನೆ. ಅವರ ಸಂಬಂಧಿಕನೊಬ್ಬ ಆ ದವಾಖಾನೆಯ ಎದುರಿಗೇ ಔಷಧದ ಅಂಗಡಿ ಇಟ್ಟಿದ್ದಾನೆ. ಪ್ರತಿ ಗುರುವಾರ ತಂಗಿ ಅಲ್ಲಿ ಮನಸ್ಸಿನ ಡಾಕ್ಟರ ಸಾಲಿನಲ್ಲಿ ನಿಂತರೆ, ಆ ಗುಳಿಗಿ ಕೊಂಡರೆ, ಸುದ್ದಿ ಮುಧೋಳ ಮುಟ್ಟಲು ಎಷ್ಟು ಹೊತ್ತು? ಇವರ ಮನೆತನದಲ್ಲಿ ಹುಚ್ಚು ಐತಿ ಎಂಬ ಒಂದು ಮಾತು ಸಾಕು. ಮಗಳ ಬಾಳು ಹೋಗುತ್ತದೆ, ನಾಳೆ ಅಂಜನಾಳದ್ದೂ.

"ಅಂಜನಾನ ಹೆಸರ ತರಬ್ಯಾಡ ಅಣ್ಣಾ."

"ಲಗ್ನ ಒಂದ ಆಗಲಿ, ಆಮ್ಯಾಲೆ ಬೆಳಗಾವಿಗೆ ಕರಕೊಂಡ ಹೋಗಬೇಕಂತಿದ್ನಿ. ಕಾಲ ಹಿಂಗಾಗ್ತಾವ ಅಂತ ನನಗ ಅನಿಸಿರಲಿಲ್ಲ. ದಿನಾ ಬಂದ ನಿನ್ನ ಮುಖಾ ನೋಡಿ ಹೋಗ್ತಿದ್ನಿಲ್ಲೋ?"

"ಫೋನ ಮಾಡಿ ಹೇಳಿದ್ನಲ್ಲ ನಿನಗ. ಬಾಯಿ ಬಿಟ್ಟು ಹೇಳಿದ್ನಿ."

ಪರಮಾನಂದ ಚಸ್ಮವನ್ನು ಮತ್ತೆ ಹಾಕಿಕೊಂಡ.

"ಎಣ್ಣಿ ಕುಡದದ್ದು ನನ್ನ ತಪ್ಪು ಅಂತ ನಾ ಒಪ್ಪಕೊಂಡಿದ್ನಿ. ಆಮ್ಯಾಲಿಂದೂ ನನ್ನ ತಪ್ಪ ಅಂತ ತಿಳದಿದ್ನಿ. ಗುಳಿಗಿ ತಗೊಂಡ್ರೂ ಆರಾಮ ಆಗವಲ್ದು, ನಾನ ಅಷ್ಟ ಕೆಟ್ಟಾಕಿ ಅಂತ. ನೀ ಎದುರಿಗೆ ಕುಂತು ಬಾಳಿಹಣ್ಣ ಸುಲದ ಕೊಟ್ಟಿ. ಇದು ಬರೇ ಬಲದ ಗುಳಿಗಿ ಅಂತ ಒಂದ ಮಾತ ಹೇಳಲಿಲ್ಲ. ಸುವರ್ಣಾ ವೈನಿಗೂ ಗೊತ್ತಿತ್ತೇನ?"

"ಗೊತ್ತಿತ್ತು."

ದಶರಥ ಅಷ್ಟು ಹೊತ್ತೂ ಮಗ್ಗದ ಕಂಬಕ್ಕೆ ಆತು ನಿಂತಿದ್ದ. ಮಾವನ ಎದುರು ಎಂದೂ ಬಾಯಿ ತೆರೆಯದವನು ಈಗ ಮೆತ್ತಗೆ ಹೇಳಿದ.

"ಮಾವಾರ, ನನಗರ ಹೇಳಬೇಕಿತ್ರಿ. ನಾ ಸಾಲಿ ಕಲಿತಾಂವಲ್ಲ. ಆದ್ರ ಬಸ್ ಹತ್ತಿಸಿ ಕರಕೊಂಡ ಹೋಗಾಕ ನನಗ ಬರ್ತಿತ್ತು."

ಪರಮಾನಂದನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಿನ ನೀರಲ್ಲ, ಕಾಂಚನಾಗೆ ಅದು ಗೊತ್ತು. ಅವನು ತನ್ನನ್ನು ಪ್ರೀತಿಸಿರಲಿಲ್ಲ ಎಂದಿದ್ದರೆ ಸುಲಭವಿತ್ತು. ಪ್ರೀತಿ ಇಟ್ಟುಕೊಂಡೇ ತೂಗಿ ನೋಡಿದ್ದ, ತಕ್ಕಡಿಯಲ್ಲಿ ಇವಳ ಜೀವ ಹಗುರಾಗಿ ಮೇಲೆದ್ದಿತ್ತು.

ಹೋಗುವಾಗ ಬಾಗಿಲಲ್ಲಿ ನಿಂತು, "ಮಗಳ ನಿಶ್ಚಯ ಮುಂದಿನ ಗುರುವಾರ ಐತಿ. ನೀ ಬರಲಿಲ್ಲಂದ್ರ ಮಂದಿ ಕೇಳ್ತಾರ" ಎಂದ.

"ಗುರುವಾರ ನನ್ನ ದವಾಖಾನಿ ದಿನ" ಎಂದಳು ಕಾಂಚನಾ.

ನಿಶ್ಚಯದ ದಿನ ನಾಲ್ಕು ಮನೆ ಆಚೆ ಶಹನಾಯಿ ಊದುತ್ತಿದ್ದಾಗ ಆಕೆ ದಶರಥನ ಹೆಗಲು ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕೇಳಿದವರಿಗೆ ದಶರಥ "ಮನಸ್ಸಿನ ಡಾಕ್ಟರ ಕಡೆ ಹೊಂಟೇವ್ರಿ" ಎಂದು ತಾನೇ ಹೇಳಿದ. ಕೆಲವರು ಹಿಂದೆ ಸರಿದರು. ಮೂಲೆಮನೆಯ ಸಾತವ್ವ ಮಾತ್ರ ಎರಡು ದಿನ ಬಿಟ್ಟು ಬಂದು, ಆ ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ದನಿ ತಗ್ಗಿಸಿ ಕೇಳಿದಳು. ಯಾರಿಗೆಂದು ಆಕೆ ಹೇಳಲಿಲ್ಲ, ಇವರೂ ಕೇಳಲಿಲ್ಲ. ಮುಧೋಳದ ಸಂಬಂಧ ಮುರಿಯಲಿಲ್ಲ. ಸುದ್ದಿ ಅಲ್ಲಿಗೆ ಮುಟ್ಟಿತೋ, ಮುಟ್ಟಿಯೂ ಅವರು ನುಂಗಿಕೊಂಡರೋ ತಿಳಿಯದು. ಲಗ್ನ ಆಯಿತು.

ಆ ಮನಸ್ಸಿನ ಗುಳಿಗಿಗೆ ಮೊದಲು ಬಾಯಿ ಒಣಗಿತು, ತಲೆ ತಿರುಗಿತು, ಬಿಟ್ಟುಬಿಡಬೇಕು ಅನಿಸಿತು. ಬಿಡಲಿಲ್ಲ. ಒಂದು ಮುಂಜಾನೆ ಒಗ್ಗರಣೆಯ ವಾಸನೆಗೆ ಹಸಿವಾಯಿತು. ಅದನ್ನು ಆಕೆ ಡಾಕ್ಟರಿಗೆ ದೊಡ್ಡ ಸುದ್ದಿಯಂತೆ ಹೇಳಿದಳು, ಅವರೂ ಹಾಗೆಯೇ ಕೇಳಿದರು. ಕೆಟ್ಟ ದಿನಗಳು ಆಮೇಲೂ ಬಂದವು. ಬಂದಾಗ ಗಂಡನಿಗೆ ಹೇಳುತ್ತಿದ್ದಳು, ಅವನು ಮಗ್ಗ ನಿಲ್ಲಿಸಿ ಹತ್ತಿರ ಕೂರುತ್ತಿದ್ದ. ಮಳೆಗಾಲದ ಹೊತ್ತಿಗೆ ಬೆರಳು ಎಳೆ ಹಿಡಿದವು. ಬಲಗಾಲು ಬಹುಪಾಲು ನೆಟ್ಟಗಾಯಿತು, ಎಡಪಾದ ಮಾತ್ರ ಪಟ್ಟಿಯಲ್ಲೇ ಉಳಿಯಿತು.

ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಪರಮಾನಂದ ಬಂದ. ನಾಲ್ಕು ಮನೆ ಆಚೆಯ ತವರಾದರೂ ಕರೆಯುವುದು ಪದ್ಧತಿ. ಕೂದಲು ಒಮ್ಮೆಲೇ ಬೆಳ್ಳಗಾದಂತಿತ್ತು. ಕಾಂಚನಾ ಚಹಾ ಮಾಡಿ ಕೊಟ್ಟಳು. ಅವನು ಕುಡಿದು ಬಸಿಯನ್ನು ಕೆಳಗಿಟ್ಟ.

"ಇನ್ನೂ ಸಿಟ್ಟ ಐತೇನವ್ವಾ?"

ಆಕೆ ಸ್ವಲ್ಪ ವಿಚಾರ ಮಾಡಿದಳು. ಸುಳ್ಳು ಹೇಳುವ ಮನಸ್ಸಿರಲಿಲ್ಲ.

"ಸಿಟ್ಟೇನಿಲ್ಲ ಅಣ್ಣಾ. ಆದ್ರ ಈಗ ನೀ ಮಳಿ ಬರಾಕತ್ತೈತಿ ಅಂದ್ರೂ ನಾ ಹೊರಗ ಹೋಗಿ ನೋಡ್ಬೇಕಾಗೈತಿ."

ಅವನು ಹಬ್ಬದ ಉಂಡಿ ತುಂಬಿದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಅಂಜನಾಳ ತಲೆ ಸವರಿ ಎದ್ದ. ಹುಡುಗಿ ಮಾವನ ಜೊತೆ ಜೋಕಾಲಿ ಆಡಲು ಹೋಗಲೇ ಎಂದು ತಾಯಿಯ ಮುಖ ನೋಡಿದಳು. ಕಾಂಚನಾ ಹೋಗೆಂದಳು. ತಾನು ಹೋಗಲಿಲ್ಲ. ಕಂಡಿಕಿಯ ಬುಟ್ಟಿ ಎಳೆದುಕೊಂಡು ರಾಟಿಯ ಮುಂದೆ ಕೂತಳು.